ಬೆಲ್‌ಫಾಸ್ಟ್‌ನಲ್ಲಿ ಅಧಿಕಾರ, ಡಬ್ಲಿನ್‌ನಲ್ಲಿ ವಿರೋಧ ಪಕ್ಷ, ಲಂಡನ್‌ನಲ್ಲಿ ಖಾಲಿ ಕುರ್ಚಿ

2025ರ ಅಕ್ಟೋಬರ್ 24ರಂದು ಐರ್ಲೆಂಡ್ ಗಣರಾಜ್ಯದಲ್ಲಿ ಅಧ್ಯಕ್ಷರ ಚುನಾವಣೆ ನಡೆಯಿತು. ಪಕ್ಷೇತರ ಅಭ್ಯರ್ಥಿ ಕ್ಯಾಥರಿನ್ ಕಾನಲಿ ಶೇ 63ರಷ್ಟು ಮತ ಪಡೆದು ಗೆದ್ದರು. ಅವರನ್ನು ಬೆಂಬಲಿಸಿದ ಪಕ್ಷಗಳಲ್ಲಿ ಎಲ್ಲಕ್ಕಿಂತ ದೊಡ್ಡದು ಶಿನ್ ಫೇನ್. ಆ ಪಕ್ಷದ ಉಪಾಧ್ಯಕ್ಷೆ ಮಿಶೆಲ್ ಓನೀಲ್ ಗಡಿಯ ಆಚೆ, ಬ್ರಿಟನ್ನಿಗೆ ಸೇರಿದ ಉತ್ತರ ಐರ್ಲೆಂಡ್ ಸರ್ಕಾರದ ಫಸ್ಟ್ ಮಿನಿಸ್ಟರ್ ಆಗಿದ್ದರು. ತಮ್ಮ ಪಕ್ಷ ಬೆಂಬಲಿಸಿದ ಅಭ್ಯರ್ಥಿಗೆ ವೋಟು ಹಾಕುವ ಹಕ್ಕು ಅವರಿಗೆ ಇರಲಿಲ್ಲ. ಉತ್ತರದಲ್ಲಿ ವಾಸಿಸುವ ಐರಿಷ್ ಪ್ರಜೆ ಈ ಹುದ್ದೆಗೆ ಸ್ಪರ್ಧಿಸಬಹುದು, ವೋಟು ಮಾತ್ರ ಹಾಕುವಂತಿಲ್ಲ. 2011ರಲ್ಲಿ ಉತ್ತರದ ಡೆರಿ ಊರಿನ ಶಿನ್ ಫೇನ್ ನಾಯಕ ಮಾರ್ಟಿನ್ ಮೆಕ್‌ಗಿನ್ನೆಸ್ ಇದೇ ಹುದ್ದೆಗೆ ನಿಂತಿದ್ದರು. ತಮಗೆ ತಾವೇ ವೋಟು ಹಾಕಿಕೊಳ್ಳಲು ಅವರಿಗೆ ಆಗಲಿಲ್ಲ.

ದೂರದಿಂದ ಸುದ್ದಿ ಓದುವವರಿಗೆ ಇದು ತಲೆ ಕೆಡಿಸುವ ವಿಷಯವೇ. ಶಿನ್ ಫೇನ್ ಬೆಲ್‌ಫಾಸ್ಟ್‌ನಲ್ಲಿ ಸರ್ಕಾರ ನಡೆಸುತ್ತದೆ. ಡಬ್ಲಿನ್‌ನಲ್ಲಿ ಮುಖ್ಯ ವಿರೋಧ ಪಕ್ಷ. ಲಂಡನ್ ಸಂಸತ್ತಿಗೆ 7 ಜನರನ್ನು ಗೆಲ್ಲಿಸಿಕೊಂಡಿದೆ, ಆದರೆ ಅವರಲ್ಲಿ ಯಾರೂ ಅಲ್ಲಿ ಹೋಗಿ ಕೂರುವುದಿಲ್ಲ. ಒಂದೇ ಪಕ್ಷ ಮೂರು ಕಡೆ ಮೂರು ರೀತಿ ನಡೆದುಕೊಳ್ಳುವುದು ಹೇಗೆ? ಉಳಿದ ದೊಡ್ಡ ಪಕ್ಷಗಳು ಯಾಕೆ ಗಡಿ ದಾಟುವುದಿಲ್ಲ? ಇದಕ್ಕೆ ಉತ್ತರ ಸಿಗಬೇಕಾದರೆ ಸುಮಾರು ನೂರು ವರ್ಷ ಹಿಂದಕ್ಕೆ ಹೋಗಬೇಕು.

ನ್ಯಾಷನಲಿಸ್ಟ್ ಅಂದರೆ ಯಾರು?

ಐರ್ಲೆಂಡಿನಲ್ಲಿ ಈ ಪದಕ್ಕೆ ನಮ್ಮ ಕಡೆಯ ‘ರಾಷ್ಟ್ರೀಯವಾದಿ’ ಅನ್ನುವ ಅರ್ಥ ಹೊಂದುವುದಿಲ್ಲ. ಇಡೀ ದ್ವೀಪ ಒಂದೇ ದೇಶವಾಗಬೇಕು ಅನ್ನುವವರು ನ್ಯಾಷನಲಿಸ್ಟರು. ಬ್ರಿಟನ್ ಜೊತೆಗೇ ಇರೋಣ ಅನ್ನುವವರು ಯೂನಿಯನಿಸ್ಟರು. ಮೊದಲ ಗುಂಪಿನಲ್ಲಿ ಕ್ಯಾಥೊಲಿಕ್ ಮನೆತನದವರು ಜಾಸ್ತಿ, ಎರಡನೆಯದರಲ್ಲಿ ಪ್ರೊಟೆಸ್ಟೆಂಟ್ ಮನೆತನದವರು ಜಾಸ್ತಿ. ಹಾಗಂತ ಇದು ದೇವರ ವಿಷಯದ ಜಗಳ ಅಲ್ಲ. ಯಾವ ದೇಶಕ್ಕೆ ಸೇರಬೇಕು ಅನ್ನುವುದೇ ಮೂಲ ಪ್ರಶ್ನೆ. 2021ರ ಜನಗಣತಿಯಲ್ಲಿ ಉತ್ತರ ಐರ್ಲೆಂಡಿನ ಶೇ 45.7ರಷ್ಟು ಜನ ಕ್ಯಾಥೊಲಿಕ್ ಹಿನ್ನೆಲೆಯವರು, ಶೇ 43.5ರಷ್ಟು ಜನ ಪ್ರೊಟೆಸ್ಟೆಂಟ್ ಅಥವಾ ಇತರ ಕ್ರೈಸ್ತ ಹಿನ್ನೆಲೆಯವರು. ಕ್ಯಾಥೊಲಿಕ್ ಹಿನ್ನೆಲೆಯವರ ಸಂಖ್ಯೆ ಮುಂದೆ ಬಂದದ್ದು ಅದೇ ಮೊದಲು.

ಗೆರೆ ಎಳೆದಾಗ ಒಡೆದದ್ದು, ಒಡೆಯದೆ ಉಳಿದದ್ದು

1918ರ ಚುನಾವಣೆಯಲ್ಲಿ ಇಡೀ ಐರ್ಲೆಂಡ್ ಬ್ರಿಟನ್ನಿನ ಆಳ್ವಿಕೆಯಲ್ಲಿತ್ತು. ಅಲ್ಲಿನ 105 ಸ್ಥಾನಗಳಲ್ಲಿ 73ನ್ನು ಶಿನ್ ಫೇನ್ ಗೆದ್ದಿತು. ಗೆದ್ದವರು ಲಂಡನ್ನಿಗೆ ಹೋಗಲಿಲ್ಲ. 1919ರ ಜನವರಿಯಲ್ಲಿ ಡಬ್ಲಿನ್‌ನಲ್ಲಿ ತಮ್ಮದೇ ಸಂಸತ್ತು ಡಾಯ್ಲ್ ಅನ್ನು ಕೂಡಿಸಿದರು. ಈಶಾನ್ಯ ಮೂಲೆಯ ಯೂನಿಯನಿಸ್ಟರು ಇದಕ್ಕೆ ಒಪ್ಪಲೇ ಇಲ್ಲ. ಬ್ರಿಟನ್ 1920ರಲ್ಲಿ ಕಾಯ್ದೆ ತಂದು, 1921ರಲ್ಲಿ ದ್ವೀಪವನ್ನು ಎರಡು ಮಾಡಿತು: ಬ್ರಿಟನ್ ಜೊತೆ ಉಳಿದ ಉತ್ತರ, ಮುಂದೆ ಗಣರಾಜ್ಯವಾದ ದಕ್ಷಿಣ.

ಗೆರೆ ಎಲ್ಲಿ ಎಳೆದರು ಅನ್ನುವುದು ಬಹಳ ಮುಖ್ಯ. ಅಲ್‌ಸ್ಟರ್ ಪ್ರಾಂತ್ಯದಲ್ಲಿ 9 ಕೌಂಟಿಗಳಿದ್ದವು. ಯೂನಿಯನಿಸ್ಟರಿಗೆ ಗಟ್ಟಿ ಬಹುಮತ ಸಿಗಲಿ ಅಂತ 6ನ್ನು ಮಾತ್ರ ಉತ್ತರ ಐರ್ಲೆಂಡಿಗೆ ತೆಗೆದುಕೊಂಡರು. ಆ ಆರರಲ್ಲಿ ಟೈರೋನ್ ಮತ್ತು ಫರ್ಮಾನಾ ಕೌಂಟಿಗಳಲ್ಲಿ ನ್ಯಾಷನಲಿಸ್ಟರೇ ಜಾಸ್ತಿ ಇದ್ದರು. ಹೀಗಾಗಿ ಹೊಸ ಉತ್ತರದಲ್ಲಿ ಸುಮಾರು ಮೂರನೇ ಒಂದು ಭಾಗದಷ್ಟು ಜನ, ತಮಗೆ ಬೇಡವಾದ ರಾಜ್ಯದಲ್ಲಿ ಅಲ್ಪಸಂಖ್ಯಾತರಾಗಿ ಉಳಿದರು.

ಆದರೆ ಎಲ್ಲವೂ ಒಡೆಯಲಿಲ್ಲ. ಚರ್ಚುಗಳು, ಗೇಲಿಕ್ ಆಟಗಳ ಸಂಘ, ರಗ್ಬಿ, ಕಾರ್ಮಿಕ ಸಂಘಗಳ ಒಕ್ಕೂಟ ಇವೆಲ್ಲ ಇವತ್ತಿಗೂ ಇಡೀ ದ್ವೀಪಕ್ಕೆ ಒಂದೇ. ಕ್ರಿಕೆಟ್ ಕೂಡ ಹಾಗೇ. 2011ರ ಮಾರ್ಚ್ 2ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಕೆವಿನ್ ಓಬ್ರಿಯನ್ 50 ಎಸೆತಗಳಲ್ಲಿ ನೂರು ಹೊಡೆದು ಇಂಗ್ಲೆಂಡನ್ನು ಸೋಲಿಸಿದ್ದು ಹಲವರಿಗೆ ನೆನಪಿರಬಹುದು. ಓಬ್ರಿಯನ್ ಡಬ್ಲಿನ್‌ನವರು, ಅಂದಿನ ನಾಯಕ ವಿಲಿಯಂ ಪೋರ್ಟರ್‌ಫೀಲ್ಡ್ ಉತ್ತರ ಐರ್ಲೆಂಡಿನವರು. ಎರಡು ಬೇರೆ ಸರ್ಕಾರಗಳ ಕೆಳಗೆ ಬದುಕುವವರು ಅಂದು ಒಂದೇ ತಂಡದಲ್ಲಿ ಆಡಿದ್ದರು. ಫುಟ್‌ಬಾಲ್‌ನಲ್ಲಿ ಮಾತ್ರ ಎರಡು ತಂಡ.

ಅಂದರೆ ಗಡಿ ಇದ್ದ ಮಾತ್ರಕ್ಕೆ ಸಂಘಟನೆ ಒಡೆಯಲೇಬೇಕು ಅಂತೇನಿಲ್ಲ. ರಾಜಕೀಯ ಪಕ್ಷಗಳು ಒಡೆದದ್ದಕ್ಕೆ ಬೇರೆ ಕಾರಣಗಳಿವೆ.

ದಕ್ಷಿಣದ ಪಕ್ಷಗಳು ಉತ್ತರವನ್ನು ಬಿಟ್ಟದ್ದು ಹೇಗೆ?

1921ರ ಕೊನೆಯಲ್ಲಿ ಬ್ರಿಟನ್ ಜೊತೆ ಆದ ಒಪ್ಪಂದದ ವಿಷಯದಲ್ಲಿ ಶಿನ್ ಫೇನ್ ಇಬ್ಭಾಗವಾಯಿತು. ದಕ್ಷಿಣದಲ್ಲಿ ಅಂತರ್ಯುದ್ಧವೇ ನಡೆದುಹೋಯಿತು. ಒಪ್ಪಂದದ ಪರ ಇದ್ದವರಿಂದ ಮುಂದೆ ಫಿನ ಗೇಲ್ ಪಕ್ಷ ಬೆಳೆಯಿತು. ವಿರೋಧಿಸಿದ ಏಮನ್ ಡಿ ವ್ಯಾಲೆರಾ 1926ರಲ್ಲಿ ಫೀಯನಾ ಫಾಲ್ ಕಟ್ಟಿದರು. ಡಬ್ಲಿನ್ ರಾಜಕೀಯ ಎಷ್ಟೋ ದಶಕ ಈ ಎರಡು ಪಕ್ಷಗಳ ಸುತ್ತಲೇ ತಿರುಗಿತು. ಎರಡೂ ಬಾಯಲ್ಲಿ ‘ಐಕ್ಯ ಐರ್ಲೆಂಡ್’ ಅನ್ನುತ್ತಿದ್ದವು. ಉತ್ತರದಲ್ಲಿ ಪಕ್ಷ ಕಟ್ಟುವ ಗೋಜಿಗೆ ಮಾತ್ರ ಹೋಗಲಿಲ್ಲ.

ಡಿ ವ್ಯಾಲೆರಾ ಅವರ ಕಥೆಯೇ ಇದಕ್ಕೆ ಒಳ್ಳೆಯ ಉದಾಹರಣೆ. 1924ರಲ್ಲಿ ಭಾಷಣಕ್ಕೆಂದು ಗಡಿ ದಾಟಿದ ಅವರನ್ನು ಉತ್ತರದ ಪೊಲೀಸರು ಬಂಧಿಸಿದರು. ಒಂದು ತಿಂಗಳು ಜೈಲು. 1929ರಲ್ಲಿ ಮತ್ತೆ ಹಾಗೇ ಆಯಿತು. 1933ರಲ್ಲಿ ಅವರು ಡಬ್ಲಿನ್‌ನಲ್ಲಿ ಸರ್ಕಾರದ ಮುಖ್ಯಸ್ಥರಾಗಿದ್ದರು. ಅದೇ ವರ್ಷ ಉತ್ತರದ ಸೌತ್ ಡೌನ್ ಕ್ಷೇತ್ರದಿಂದ ಅಲ್ಲಿನ ಶಾಸನಸಭೆಗೂ ಗೆದ್ದರು. ಗೆದ್ದರೂ ಆ ಸಭೆಗೆ ಕಾಲಿಡಲಿಲ್ಲ. ಅಲ್ಲಿ ಕೂತರೆ ವಿಭಜನೆಯನ್ನು ಒಪ್ಪಿದಂತೆ ಅನ್ನುವುದು ಅವರ ವಾದವಾಗಿತ್ತು. ತತ್ವ ಸರಿಯಿರಬಹುದು. ಆದರೆ ಆ ಕ್ಷೇತ್ರದ ಜನರ ಮನೆ, ಕೆಲಸ, ಶಾಲೆಯ ಬಗ್ಗೆ ಆ ಸಭೆಯಲ್ಲಿ ಅವರ ಪ್ರತಿನಿಧಿ ಮಾತಾಡಲೇ ಇಲ್ಲ, ಅಲ್ವಾ?

ಉತ್ತರದಲ್ಲಿ ಯೂನಿಯನಿಸ್ಟರು 1921ರಿಂದ 1972ರವರೆಗೆ ಒಂದೇ ಸಮನೆ ಆಳಿದರು. ಅಲ್ಲಿನ ನ್ಯಾಷನಲಿಸ್ಟ್ ಪಕ್ಷ ಒಮ್ಮೆ ಸಭೆಗೆ ಹೋಗುತ್ತಿತ್ತು, ಒಮ್ಮೆ ಬಹಿಷ್ಕರಿಸುತ್ತಿತ್ತು. ಅಧಿಕೃತ ವಿರೋಧ ಪಕ್ಷದ ಸ್ಥಾನವನ್ನು ಅದು ಒಪ್ಪಿಕೊಂಡದ್ದೇ 1965ರಲ್ಲಿ. ಮನೆ ಹಂಚಿಕೆ, ಉದ್ಯೋಗ, ಕ್ಷೇತ್ರಗಳ ಗಡಿ ಎಲ್ಲದರಲ್ಲೂ ತಾರತಮ್ಯದ ದೂರು ಬೆಳೆಯುತ್ತಲೇ ಹೋಯಿತು. 1968ರಲ್ಲಿ ನಾಗರಿಕ ಹಕ್ಕುಗಳ ಮೆರವಣಿಗೆಗಳು ಬೀದಿಗೆ ಬಂದವು. ಆಮೇಲಿನ ಮೂವತ್ತು ವರ್ಷಗಳ ಹಿಂಸೆಯಲ್ಲಿ 3,500ಕ್ಕೂ ಹೆಚ್ಚು ಜನ ಸತ್ತರು. ದಕ್ಷಿಣದ ಪಕ್ಷಗಳು ಬಿಟ್ಟುಹೋದ ಜಾಗವನ್ನು ತುಂಬಲು ಉತ್ತರದ ನ್ಯಾಷನಲಿಸ್ಟರೇ 1970ರಲ್ಲಿ ಎಸ್‌ಡಿಎಲ್‌ಪಿ ಅನ್ನುವ ಪಕ್ಷ ಕಟ್ಟಿದರು. ಅದರ ದಾರಿ ಶಾಂತಿಯದು, ಕಾರ್ಯಕ್ಷೇತ್ರ ಆರು ಕೌಂಟಿ ಮಾತ್ರ.

ಕಾನೂನೂ ಗಡಿ ದಾಟುವವರಿಗೆ ಅಡ್ಡ ನಿಂತಿತ್ತು. ಎಸ್‌ಡಿಎಲ್‌ಪಿಯ ಶೇಮಸ್ ಮ್ಯಾಲನ್ 1982ರಲ್ಲಿ ಉತ್ತರದ ಶಾಸನಸಭೆಗೆ ಆಯ್ಕೆಯಾದರು. ಡಬ್ಲಿನ್ ಸರ್ಕಾರ ಅದೇ ವರ್ಷ ಅವರನ್ನು ತನ್ನ ಮೇಲ್ಮನೆಗೆ ನಾಮಕರಣ ಮಾಡಿತ್ತು. ಆ ಒಂದು ಕಾರಣಕ್ಕೆ ಅವರು ಉತ್ತರದ ಸ್ಥಾನ ಕಳೆದುಕೊಂಡರು. ಈ ನಿಯಮ ಬದಲಾದದ್ದು 2000ದಲ್ಲಿ.

ಶಿನ್ ಫೇನ್ ಗಡಿ ದಾಟಿದ ಬಗೆ

ಇವತ್ತಿನ ಶಿನ್ ಫೇನ್ ಬೇರು 1970ರ ಇನ್ನೊಂದು ಒಡಕಿನಲ್ಲಿದೆ. ಅದು ಐಆರ್‌ಎ ಅನ್ನುವ ಸಶಸ್ತ್ರ ಸಂಘಟನೆಯ ರಾಜಕೀಯ ಅಂಗವಾಗಿತ್ತು. ಐಆರ್‌ಎ ಸುಮಾರು 1,700 ಜನರನ್ನು ಕೊಂದಿದೆ. ಇದನ್ನು ಮರೆತು ಮುಂದಿನ ಯಾವುದನ್ನೂ ಅರ್ಥ ಮಾಡಿಕೊಳ್ಳಲು ಆಗುವುದಿಲ್ಲ. ದಕ್ಷಿಣದ ಬಹಳ ಮತದಾರರು ಈ ಪಕ್ಷವನ್ನು ಇಂದಿಗೂ ಅನುಮಾನದಿಂದ ನೋಡುವುದು ಇದೇ ಕಾರಣಕ್ಕೆ.

ತಿರುವು ಬಂದದ್ದು 1981ರಲ್ಲಿ. ಜೈಲಿನಲ್ಲಿ ಉಪವಾಸ ಕೂತಿದ್ದ ಐಆರ್‌ಎ ಕೈದಿ ಬಾಬಿ ಸ್ಯಾಂಡ್ಸ್ ಏಪ್ರಿಲ್ 9ರಂದು ಲಂಡನ್ ಸಂಸತ್ತಿಗೆ ಗೆದ್ದರು, ಮೇ 5ರಂದು ತೀರಿಕೊಂಡರು. ಒಟ್ಟು ಹತ್ತು ಜನ ಹಾಗೆ ಸತ್ತರು. ಅದೇ ಬೇಸಿಗೆಯಲ್ಲಿ ಇನ್ನಿಬ್ಬರು ಕೈದಿಗಳು ದಕ್ಷಿಣದ ಡಾಯ್ಲ್‌ಗೆ ಆಯ್ಕೆಯಾದರು. ಮತಪೆಟ್ಟಿಗೆಗೆ ಎಷ್ಟು ಬಲವಿದೆ ಅಂತ ಪಕ್ಷಕ್ಕೆ ಆಗ ಗೊತ್ತಾಯಿತು. 1986ರ ವಾರ್ಷಿಕ ಸಮ್ಮೇಳನದಲ್ಲಿ, ಡಬ್ಲಿನ್ ಸಂಸತ್ತಿಗೆ ಗೆದ್ದರೆ ಹೋಗಿ ಕೂರುವುದು ಅಂತ ತೀರ್ಮಾನ ಆಯಿತು. ಹಿರಿಯರ ಒಂದು ಗುಂಪು ಸಿಟ್ಟಿನಿಂದ ಹೊರನಡೆದು ಬೇರೆ ಪಕ್ಷ ಮಾಡಿಕೊಂಡಿತು. ಆ ತೀರ್ಮಾನ ಆಗದಿದ್ದರೆ ದಕ್ಷಿಣದಲ್ಲಿ ಶಿನ್ ಫೇನ್ ಬೆಳೆಯುತ್ತಲೇ ಇರಲಿಲ್ಲ.

1998ರ ಏಪ್ರಿಲ್ 10ರ ಗುಡ್ ಫ್ರೈಡೆ ಒಪ್ಪಂದ ಉಳಿದ ದಾರಿ ತೆರೆಯಿತು. ಜನಮತದಲ್ಲಿ ಉತ್ತರದ ಶೇ 71 ಮತ್ತು ದಕ್ಷಿಣದ ಶೇ 94ರಷ್ಟು ಮತದಾರರು ಅದಕ್ಕೆ ಒಪ್ಪಿದರು. ಉತ್ತರದಲ್ಲಿ ಎರಡೂ ಕಡೆಯವರು ಸೇರಿ ಆಳಬೇಕು, ಅಲ್ಲಿನ ಬಹುಮತ ಬಯಸುವವರೆಗೆ ಉತ್ತರ ಬ್ರಿಟನ್ ಜೊತೆ ಇರಬೇಕು ಅನ್ನುವುದು ಒಪ್ಪಂದದ ತಿರುಳು. ಈ ಕ್ರಮದಲ್ಲಿ ಶಿನ್ ಫೇನ್ ಉತ್ತರದ ಶಾಸನಸಭೆಯ 2003ರ ಚುನಾವಣೆಯಲ್ಲಿ ಎಸ್‌ಡಿಎಲ್‌ಪಿಯನ್ನು ಹಿಂದಿಕ್ಕಿತು. 2022ರಲ್ಲಿ 90 ಸ್ಥಾನಗಳ ಸಭೆಯಲ್ಲಿ 27 ಗೆದ್ದು ಮೊದಲ ಸ್ಥಾನಕ್ಕೆ ಬಂತು. ದಕ್ಷಿಣದಲ್ಲಿ 1997ರಲ್ಲಿ ಒಬ್ಬರೇ ಸದಸ್ಯರಿದ್ದರು. 2008ರ ಆರ್ಥಿಕ ಕುಸಿತದ ನಂತರ ಸಿಟ್ಟಾದ ಜನ ಈ ಕಡೆ ತಿರುಗಿದರು. 2011ರಲ್ಲಿ 14 ಸ್ಥಾನ ಬಂತು, 2020ರಲ್ಲಿ 37.

ಒಂದೇ ಪಕ್ಷ, ಎರಡು ಲೆಕ್ಕದ ಪುಸ್ತಕ

ಇಲ್ಲಿಂದ ಕಷ್ಟ ಶುರು. ಉತ್ತರದ ಸರ್ಕಾರಕ್ಕೆ ಹಣ ಬರುವುದು ಹೆಚ್ಚಾಗಿ ಲಂಡನ್ನಿನಿಂದ. ದೊಡ್ಡ ತೆರಿಗೆಗಳ ಮೇಲೆ ಅದಕ್ಕೆ ಹಿಡಿತವಿಲ್ಲ. ಆಸ್ಪತ್ರೆಗಳಲ್ಲಿ ಕಾಯುವವರ ಪಟ್ಟಿ ಉದ್ದ ಇದೆ, ಕೊಡಲು ಹಣ ಕಡಿಮೆ. ದಕ್ಷಿಣದ ಖಜಾನೆಯ ಕಥೆಯೇ ಬೇರೆ. ಆಪಲ್ ಕಂಪನಿ ಒಂದರಿಂದಲೇ ಅದಕ್ಕೆ ಸುಮಾರು 1,400 ಕೋಟಿ ಯೂರೋ ಹಳೆಯ ತೆರಿಗೆ ಮತ್ತು ಬಡ್ಡಿ ಬರಬೇಕು ಅಂತ ಯುರೋಪಿನ ನ್ಯಾಯಾಲಯ 2024ರಲ್ಲಿ ತೀರ್ಪು ಕೊಟ್ಟಿತು.

ಇಂಥ ಎರಡು ಕಡೆ ಒಂದೇ ಪಕ್ಷ ಒಂದೇ ಮಾತು ಆಡುವುದು ಸುಲಭವಲ್ಲ. ದಕ್ಷಿಣದಲ್ಲಿ ಶಿನ್ ಫೇನ್ ಮನೆಗಳ ಮೇಲಿನ ಆಸ್ತಿ ತೆರಿಗೆ ತೆಗೆದುಹಾಕುತ್ತೇವೆ ಅಂತ 2020ರಲ್ಲಿ ಭರವಸೆ ಕೊಟ್ಟಿತು. ಉತ್ತರದಲ್ಲಿ ಅದೇ ಪಕ್ಷ ನಡೆಸುವ ಸರ್ಕಾರ ಮತ್ತು ಕೌನ್ಸಿಲುಗಳು ಮನೆ ತೆರಿಗೆ ವಸೂಲಿ ಮಾಡುತ್ತವೆ. ದಕ್ಷಿಣದಲ್ಲಿ ಕಲ್ಯಾಣ ಯೋಜನೆಗಳ ಕಡಿತದ ವಿರುದ್ಧ ಹೋರಾಡಿತು. ಉತ್ತರದಲ್ಲಿ ಅಂಥದ್ದೇ ಬದಲಾವಣೆಗಳ ಕಾನೂನನ್ನು ಲಂಡನ್ನೇ ಮಾಡಲಿ ಅಂತ 2015ರಲ್ಲಿ ಒಪ್ಪಿಕೊಂಡಿತು. ಎದುರಾಳಿಗಳು ಇದನ್ನು ಎತ್ತಿ ಆಡದೆ ಬಿಡುವುದಿಲ್ಲ. ಪಕ್ಷದ ಉತ್ತರವೂ ತಳ್ಳಿಹಾಕುವಂಥದ್ದಲ್ಲ. ಪರ್ಸು ಲಂಡನ್ನಿನ ಕೈಯಲ್ಲಿದೆ, ಜೊತೆಗೆ ಆಳುವವರು ಯೂನಿಯನಿಸ್ಟರು, ನಮ್ಮ ಇಷ್ಟದಂತೆ ಎಲ್ಲ ಮಾಡಲು ಹೇಗಾಗುತ್ತದೆ ಅನ್ನುತ್ತಾರೆ ಅವರು. ಎರಡೂ ಮಾತಿನಲ್ಲಿ ಸತ್ಯವಿದೆ.

ಸಾಮಾಜಿಕ ವಿಷಯಗಳಲ್ಲೂ ಹೀಗೇ ಎಳೆದಾಟ. 2018ರ ಮೇನಲ್ಲಿ ದಕ್ಷಿಣದ ಶೇ 66ರಷ್ಟು ಮತದಾರರು ಗರ್ಭಪಾತದ ಸಾಂವಿಧಾನಿಕ ನಿಷೇಧ ತೆಗೆಯಲು ಒಪ್ಪಿದರು. ಶಿನ್ ಫೇನ್ ಅದನ್ನು ಬೆಂಬಲಿಸಿತು. ಇದನ್ನು ಒಪ್ಪದ ಪೆದರ್ ಟೋಬಿನ್ ಹೊರಬಂದು 2019ರಲ್ಲಿ ಆಂತು ಪಕ್ಷ ಕಟ್ಟಿದರು. ಅದೂ ಗಡಿಯ ಎರಡೂ ಕಡೆ ಸ್ಪರ್ಧಿಸುತ್ತದೆ.

ವಲಸೆಯ ವಿಷಯ ಇನ್ನೂ ಜಟಿಲ. ದಕ್ಷಿಣದಲ್ಲಿ ಮನೆ ಬಾಡಿಗೆ ಗಗನಕ್ಕೇರಿ, 2023ರ ನವೆಂಬರಿನಲ್ಲಿ ಡಬ್ಲಿನ್‌ನಲ್ಲಿ ಗಲಭೆಯೂ ಆದಾಗ, ಪಕ್ಷದ ಕಾರ್ಮಿಕ ವರ್ಗದ ಮತದಾರರೇ ಅದರ ನಿಲುವನ್ನು ಪ್ರಶ್ನಿಸತೊಡಗಿದರು. 2024ರ ಜೂನಿನ ಸ್ಥಳೀಯ ಚುನಾವಣೆಯಲ್ಲಿ ಶೇ 12ಕ್ಕೂ ಕಡಿಮೆ ಮತ ಬಂತು. ನವೆಂಬರಿನ ಸಾರ್ವತ್ರಿಕ ಚುನಾವಣೆಯಲ್ಲಿ ಚೇತರಿಸಿಕೊಂಡು 39 ಸ್ಥಾನ ಗೆದ್ದರೂ ಮತ ಪ್ರಮಾಣ 2020ರ ಶೇ 24.5ರಿಂದ ಶೇ 19ಕ್ಕೆ ಇಳಿದಿತ್ತು. ಈ ಎರಡು ಚುನಾವಣೆಗಳ ನಡುವೆ, ಅದೇ ವರ್ಷದ ಜುಲೈನಲ್ಲಿ, ಉತ್ತರದಲ್ಲಿ ಅದು ಲಂಡನ್ ಸಂಸತ್ತಿಗೆ ಅತಿ ಹೆಚ್ಚು ಸದಸ್ಯರನ್ನು ಗೆಲ್ಲಿಸಿದ ಪಕ್ಷವಾಯಿತು.

ಇದರಿಂದ ಒಂದು ವಿಷಯ ಸ್ಪಷ್ಟ. ಪಕ್ಷ ಒಂದೇ ಆದರೂ ಮತದಾರರು ಎರಡು ಬೇರೆ ಬೇರೆ ಸಮಾಜಗಳವರು. ಉತ್ತರದಲ್ಲಿ ವೋಟು ಬೀಳುವುದು ‘ನಾವು ಯಾರು’ ಅನ್ನುವ ಪ್ರಶ್ನೆಯ ಮೇಲೆ. ದಕ್ಷಿಣದಲ್ಲಿ ವೋಟು ಬೀಳುವುದು ಮನೆ, ಬಾಡಿಗೆ, ಆಸ್ಪತ್ರೆಯ ಮೇಲೆ.

ಯೂನಿಯನಿಸ್ಟರ ಆಕ್ಷೇಪ

ಯೂನಿಯನಿಸ್ಟರ ದೂರು ಬೇರೆ ರೀತಿಯದು. ಬೆಲ್‌ಫಾಸ್ಟ್ ಸರ್ಕಾರದ ನಿರ್ಧಾರಗಳನ್ನು ಮಂತ್ರಿಗಳು ಮಾಡುತ್ತಾರೋ, ಎರಡೂ ಕಡೆ ಹರಡಿರುವ ಪಕ್ಷದ ಕೇಂದ್ರ ನಾಯಕತ್ವ ಮಾಡುತ್ತದೋ ಅನ್ನುವುದು ಅವರ ಪ್ರಶ್ನೆ. ಇದಕ್ಕೆ ಅವರು ಒಂದು ಉದಾಹರಣೆ ಕೊಡುತ್ತಾರೆ. ಕಟ್ಟಿಗೆ ಉರಿಸುವ ಬಾಯ್ಲರುಗಳ ಸಬ್ಸಿಡಿ ಹಗರಣದ ವಿಚಾರಣೆ ನಡೆದಾಗ ಒಂದು ಇಮೇಲ್ ಹೊರಬಂತು. ಆಗಿನ ಶಿನ್ ಫೇನ್ ಹಣಕಾಸು ಮಂತ್ರಿ, ಕಡತಕ್ಕೆ ಸಹಿ ಹಾಕುವ ಮೊದಲು, ಚುನಾಯಿತರಲ್ಲದ ಪಕ್ಷದ ಹಿರಿಯರೊಬ್ಬರ ಒಪ್ಪಿಗೆ ಕೇಳಿದ್ದರು.

ಇನ್ನೊಂದು ಕಡೆ, ಯೂನಿಯನಿಸ್ಟರ ದೊಡ್ಡ ಪಕ್ಷ ಡಿಯುಪಿಯ ನಡೆಯೂ ಜನರಿಗೆ ತೊಂದರೆ ಕೊಟ್ಟಿತು. ಬ್ರೆಕ್ಸಿಟ್ ನಂತರದ ವ್ಯಾಪಾರ ನಿಯಮಗಳನ್ನು ವಿರೋಧಿಸಿ ಅದು 2022ರ ಫೆಬ್ರವರಿಯಲ್ಲಿ ಸರ್ಕಾರ ಬೀಳಿಸಿತು. ಫಸ್ಟ್ ಮಿನಿಸ್ಟರ್ ಮತ್ತು ಡೆಪ್ಯುಟಿ ಇಬ್ಬರ ಅಧಿಕಾರವೂ ಸಮ. ಒಬ್ಬರು ರಾಜೀನಾಮೆ ಕೊಟ್ಟರೆ ಇನ್ನೊಬ್ಬರೂ ಮನೆಗೆ ಹೋಗಬೇಕು. ಒಬ್ಬರಿಲ್ಲದೆ ಇನ್ನೊಬ್ಬರು ಅಧಿಕಾರ ವಹಿಸಿಕೊಳ್ಳುವಂತಿಲ್ಲ. ಹೀಗಾಗಿ ಓನೀಲ್ ಗೆದ್ದ ಮೇಲೂ, ಡಿಯುಪಿ ಜೊತೆಗೆ ಬರುವವರೆಗೆ ಎರಡು ವರ್ಷದ ಹತ್ತಿರ ಕಾದು, 2024ರ ಫೆಬ್ರವರಿ 3ರಂದು ಅಧಿಕಾರ ವಹಿಸಿಕೊಂಡರು. ಡಿಯುಪಿಯ ಎಮ್ಮಾ ಲಿಟಲ್-ಪೆಂಗೆಲ್ಲಿ ಡೆಪ್ಯುಟಿ ಆದರು.

ಗೆಲುವಿನ ಹಿಂದೆ ಅಡಗಿದ ಅಂಕಿ

ಶಿನ್ ಫೇನ್ ಮೊದಲ ಸ್ಥಾನಕ್ಕೆ ಬಂತು ಅಂದಾಕ್ಷಣ, ಐಕ್ಯ ಐರ್ಲೆಂಡ್ ಇನ್ನೇನು ಬಂದೇಬಿಟ್ಟಿತು ಅಂತ ಹಲವರು ಬರೆದರು. ಅಂಕಿಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಬೇರೆ ಚಿತ್ರ ಕಾಣುತ್ತದೆ. 1998ರ ಸಭೆಯ ಚುನಾವಣೆಯಲ್ಲಿ ಎಸ್‌ಡಿಎಲ್‌ಪಿಗೆ ಸುಮಾರು ಶೇ 22, ಶಿನ್ ಫೇನ್‌ಗೆ ಶೇ 17.6 ಮತ. ಎರಡೂ ಸೇರಿ ಹತ್ತಿರ ಹತ್ತಿರ ಶೇ 40. 2022ರಲ್ಲಿ ಶಿನ್ ಫೇನ್‌ಗೆ ಶೇ 29, ಎಸ್‌ಡಿಎಲ್‌ಪಿಗೆ ಶೇ 9. ಸೇರಿಸಿದರೆ ಶೇ 38. ಇಪ್ಪತ್ನಾಲ್ಕು ವರ್ಷದಲ್ಲಿ ನ್ಯಾಷನಲಿಸ್ಟ್ ಮತಗಳ ಒಟ್ಟು ಪಾಲು ಬೆಳೆದಿಲ್ಲ. ಇದ್ದ ಮತಗಳೇ ಒಂದು ಪಕ್ಷದಿಂದ ಇನ್ನೊಂದಕ್ಕೆ ಹರಿದಿವೆ. ಯೂನಿಯನಿಸ್ಟರ ಮತ ಮೂರು ಪಕ್ಷಗಳಲ್ಲಿ ಹಂಚಿಹೋದದ್ದೂ ಶಿನ್ ಫೇನ್‌ಗೆ ಅನುಕೂಲವಾಯಿತು.

ನಿಜವಾಗಿ ಬೆಳೆದದ್ದು ಅಲಯನ್ಸ್ ಪಕ್ಷ. ಎರಡೂ ಗುಂಪಿಗೆ ಸೇರದ ಈ ಪಕ್ಷ 1998ರ ಶೇ 6.5ರಿಂದ 2022ರಲ್ಲಿ ಶೇ 13.5ಕ್ಕೆ ಏರಿತು. ಮುಂದೆ ಐಕ್ಯತೆಯ ಬಗ್ಗೆ ಜನಮತ ಬಂದರೆ ಫಲಿತಾಂಶ ಇವರ ಕೈಯಲ್ಲಿದೆ. ಇವರಿಗೆ ಬಾವುಟಕ್ಕಿಂತ ಬದುಕು ಮುಖ್ಯ. ಉತ್ತರದಲ್ಲಿ ವೈದ್ಯರ ಬಳಿ ಹೋದರೆ ದುಡ್ಡು ಕೊಡಬೇಕಿಲ್ಲ. ದಕ್ಷಿಣದಲ್ಲಿ ಬಹಳ ಜನ ಕೊಡಬೇಕು. ಸೇರಿದ ಮೇಲೆ ಏನಾಗುತ್ತದೆ? ಪಿಂಚಣಿ ಯಾರು ಕೊಡುತ್ತಾರೆ? ಇವರು ಕೇಳುವ ಪ್ರಶ್ನೆಗಳು ಇಂಥವು.

ಉಳಿದವರು ಯಾಕೆ ಹೋಗುವುದಿಲ್ಲ?

ಐಆರ್‌ಎ ನೆನಪು ಹೊತ್ತ ಪಕ್ಷದಿಂದ ಈ ಮಧ್ಯದ ಮತದಾರರು ಉತ್ತರ ಕೇಳಲು ಹಿಂಜರಿಯುತ್ತಾರೆ. ಡಬ್ಲಿನ್‌ನಲ್ಲಿ ಆಳುವ ಪಕ್ಷಗಳು ಹೇಳಿದರೆ ಕೇಳಬಹುದು. ಆದರೆ ಅವು ಅಲ್ಲಿಲ್ಲ. ಫೀಯನಾ ಫಾಲ್ 2007ರಲ್ಲಿ ಉತ್ತರದಲ್ಲಿ ನೋಂದಣಿ ಮಾಡಿಸಿಕೊಂಡಿತು. 2019ರಲ್ಲಿ ಎಸ್‌ಡಿಎಲ್‌ಪಿ ಜೊತೆ ಪಾಲುದಾರಿಕೆ ಘೋಷಿಸಿತು. 2022ರಲ್ಲಿ ಅದೂ ಮುಗಿಯಿತು. ಫಿನ ಗೇಲ್ ಆ ಪ್ರಯತ್ನವನ್ನೂ ಮಾಡಿಲ್ಲ. ವ್ಯಕ್ತಿಗಳು ಮಾತ್ರ ಗಡಿ ದಾಟಿದ್ದಾರೆ. ಎಸ್‌ಡಿಎಲ್‌ಪಿ ಸ್ಥಾಪಕರಲ್ಲಿ ಒಬ್ಬರಾದ ಆಸ್ಟಿನ್ ಕರಿ 1989ರಲ್ಲಿ ಫಿನ ಗೇಲ್ ಸೇರಿ ಡಬ್ಲಿನ್‌ನಿಂದ ಡಾಯ್ಲ್‌ಗೆ ಗೆದ್ದರು.

ದಕ್ಷಿಣದ ಈ ಎರಡು ಪಕ್ಷಗಳ ವಾದವನ್ನೂ ಕೇಳಬೇಕು. ಡಬ್ಲಿನ್ ಸರ್ಕಾರ 1998ರ ಒಪ್ಪಂದದ ಕಾವಲುಗಾರ. ಅದನ್ನು ನಡೆಸುವ ಪಕ್ಷವೇ ಉತ್ತರದಲ್ಲಿ ಸೀಟಿಗಾಗಿ ಕಾದಾಡಿದರೆ ಯೂನಿಯನಿಸ್ಟರು ಅದನ್ನು ನಂಬುವುದಿಲ್ಲ. ಎಸ್‌ಡಿಎಲ್‌ಪಿಗೂ ಪೆಟ್ಟು ಬೀಳುತ್ತದೆ. ಅದರ ಬದಲು ಫೀಯನಾ ಫಾಲ್ ನಾಯಕರೂ ಪ್ರಧಾನಿಯೂ ಆಗಿದ್ದ ಮಿಹಾಲ್ ಮಾರ್ಟಿನ್ 2020ರಲ್ಲಿ ‘ಷೇರ್ಡ್ ಐಲೆಂಡ್’ ಯೋಜನೆ ತಂದರು. ಅದರ ಹಣದಲ್ಲಿ ಗಡಿಯ ನದಿಗೆ ನ್ಯಾರೋ ವಾಟರ್ ಸೇತುವೆ ಕಟ್ಟುವ ಕೆಲಸ 2024ರಲ್ಲಿ ಶುರುವಾಯಿತು. ಮೊದಲು ಜನ ಹತ್ತಿರ ಬರಲಿ, ಪ್ರಶ್ನೆ ಆಮೇಲೆ ಅನ್ನುವ ದಾರಿ ಇದು.

ಸೇತುವೆ ಬೇಕು, ಖಂಡಿತ ಬೇಕು. ಆದರೆ ಒಂದು ಸಮಾಜವನ್ನು ನಮ್ಮ ಜೊತೆ ಬನ್ನಿ ಅಂತ ಕರೆಯುವವರು, ಅಲ್ಲಿನ ಮನೆಬಾಗಿಲಿಗೆ ಹೋಗಿ ವೋಟು ಕೇಳುವ ಕಷ್ಟ ತೆಗೆದುಕೊಳ್ಳದಿದ್ದರೆ ಆ ಕರೆಗೆ ತೂಕ ಬರುವುದಿಲ್ಲ. ಇದರ ಪರಿಣಾಮ ಕಣ್ಣಮುಂದೆಯೇ ಇದೆ. ಐಕ್ಯತೆ ಅನ್ನುವುದು ಒಂದು ಪಕ್ಷದ ಸ್ವತ್ತಿನಂತೆ ಕಾಣುತ್ತಿದೆ. ಆ ಪಕ್ಷ ಇಷ್ಟವಿಲ್ಲದವರು ಐಕ್ಯತೆಯನ್ನೂ ದೂರ ಇಡುತ್ತಾರೆ.

ಮುಂದೆ ಏನಾಗಬಹುದು?

ಉತ್ತರದಲ್ಲಿ ಜನಮತ ಕರೆಯುವ ಅಧಿಕಾರ ಡಬ್ಲಿನ್‌ಗೂ ಇಲ್ಲ, ಬೆಲ್‌ಫಾಸ್ಟ್‌ಗೂ ಇಲ್ಲ. ಬಹುಮತ ಐಕ್ಯತೆಯ ಕಡೆ ಇರುವ ಸಾಧ್ಯತೆ ಕಂಡರೆ ಬ್ರಿಟನ್ನಿನ ಉತ್ತರ ಐರ್ಲೆಂಡ್ ಮಂತ್ರಿ ಅದನ್ನು ಕರೆಯಲೇಬೇಕು ಅನ್ನುತ್ತದೆ 1998ರ ಕಾನೂನು. ಸಾಧ್ಯತೆಯನ್ನು ಅಳೆಯುವುದು ಹೇಗೆ ಅಂತ ಅದು ಹೇಳುವುದಿಲ್ಲ. ಒಮ್ಮೆ ಸೋತರೆ ಏಳು ವರ್ಷ ಮತ್ತೆ ಕೇಳುವಂತಿಲ್ಲ. ಉತ್ತರದ ಸಮೀಕ್ಷೆಗಳಲ್ಲಿ ಸಾಮಾನ್ಯವಾಗಿ ಬ್ರಿಟನ್ ಜೊತೆ ಇರೋಣ ಅನ್ನುವವರೇ ಮುಂದಿದ್ದಾರೆ. ಹಾಗಾಗಿ ಬೇಗನೆ ಜನಮತ ಬರುವುದು ಅನುಮಾನ. ಅಳತೆಗೋಲು ಬೇಕು ಅಂತ ಆ ಮಂತ್ರಿಯನ್ನು ಎದುರಿಗೆ ನಿಂತು ಕೇಳಬಹುದಾದ ಜಾಗ ಲಂಡನ್ ಸಂಸತ್ತು. ರಾಜನ ಹೆಸರಲ್ಲಿ ಪ್ರಮಾಣ ಮಾಡುವುದಿಲ್ಲ ಅಂತ ಶಿನ್ ಫೇನ್ ಖಾಲಿ ಬಿಟ್ಟಿರುವ 7 ಕುರ್ಚಿಗಳು ಇರುವುದು ಅಲ್ಲೇ.

ಉತ್ತರದ ಸಭೆಗೆ ಮುಂದಿನ ಚುನಾವಣೆ 2027ರ ಮೇನಲ್ಲಿ ನಡೆಯಬೇಕು. ಶಿನ್ ಫೇನ್ ಮೊದಲ ಸ್ಥಾನ ಉಳಿಸಿಕೊಂಡರೂ ನ್ಯಾಷನಲಿಸ್ಟ್ ಒಟ್ಟು ಮತ ಶೇ 40 ದಾಟದಿದ್ದರೆ ಲಂಡನ್ನಿನ ಉತ್ತರ ಬದಲಾಗುವುದಿಲ್ಲ. ಡಬ್ಲಿನ್‌ನಲ್ಲಿ ಅದೇ ವರ್ಷದ ನವೆಂಬರಿನಲ್ಲಿ ಪ್ರಧಾನಿ ಹುದ್ದೆ ಮಾರ್ಟಿನ್ ಅವರಿಂದ ಫಿನ ಗೇಲ್‌ಗೆ ಹೋಗಬೇಕು ಅಂತ ಸಮ್ಮಿಶ್ರ ಸರ್ಕಾರದ ಒಪ್ಪಂದ ಹೇಳುತ್ತದೆ. ಹುದ್ದೆ ಕೊಡುವ ಪಕ್ಷವೂ, ಪಡೆಯುವ ಪಕ್ಷವೂ ಐಕ್ಯತೆ ತಮ್ಮ ಗುರಿ ಅನ್ನುತ್ತವೆ. ಮೇ ತಿಂಗಳ ಮತಪತ್ರದಲ್ಲಿ ಎರಡರ ಹೆಸರೂ ಇರುವ ಲಕ್ಷಣ ಸದ್ಯಕ್ಕೆ ಕಾಣುತ್ತಿಲ್ಲ.